ಪುಟ್ಟಿ ಅಮ್ಮನ ಕಾಲು ಒತ್ತಿದ್ದು

ಆ ಮನೆಯಲ್ಲಿ ಜನ ಐವರು, ಲೆಕ್ಕಕ್ಕಿದ್ದ ಕಾಲುಗಳು ಮಾತ್ರ ಎರಡು. ಉಳಿದ ಎಂಟು ಕಾಲುಗಳು ಆ ಎರಡರ ಸೇವೆಗೆ ಇದ್ದವು.

ಆ ಎರಡು ಕಾಲಿನ ಒಡತಿ ಮನೆಯ ಮಗಳು. ಬೀದಿಗೆ ಅವಳು ಚಾಂಪಿಯನ್, ಮನೆಗೆ ಪುಟ್ಟಿ. ತೊಡೆಯ ಸುತ್ತಳತೆ ಅತ್ತಿಗೆಯ ಸೊಂಟಕ್ಕೆ ಸರಿಸಮ ಬಂದ ಮೇಲೂ ಪುಟ್ಟಿಯೇ. ಅವಳು ದೇಶಕ್ಕೇ ಹೆಸರಾದ ಸೈಕಲ್ ಓಟಗಾರ್ತಿ, ಅದರಲ್ಲೂ ಟ್ರ್ಯಾಕ್ ಸ್ಪ್ರಿಂಟ್ ಎಂಬ ಪಂದ್ಯದವಳು. ಆ ಪಂದ್ಯವನ್ನು ನೋಡದವರಿಗೆ ವಿವರಿಸುವುದು ಕಷ್ಟ. ಪುಟ್ಟಿಯ ತಂದೆ ವರ್ಷಗಟ್ಟಲೆ ವಿವರಿಸುತ್ತಲೇ ಬಂದಿದ್ದರು. ಬಾಣಲೆಯ ಹಾಗೆ ಅಂಚು ಮೇಲೆದ್ದ ಮರದ ಟ್ರ್ಯಾಕು. ಬ್ರೇಕಿಲ್ಲದ ಸೈಕಲ್ಲು. ಇಬ್ಬರೇ ಸ್ಪರ್ಧಿಗಳು. ಮುಂದೆ ಹೋದವಳು ಗಾಳಿಯನ್ನು ಸೀಳಬೇಕು, ಹಿಂದಿನವಳು ಅವಳ ಮರೆಯಲ್ಲಿ ಸುಖವಾಗಿ ಬಂದು ಕೊನೆಗೆ ದಾಟಿಬಿಡಬಹುದು. ಹಾಗಾಗಿ ಮುಂದೆ ಹೋಗುವ ಮನಸ್ಸು ಇಬ್ಬರಿಗೂ ಇಲ್ಲ. ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಾ ತೆವಳುತ್ತಾರೆ. ಒಮ್ಮೊಮ್ಮೆ ನಿಂತೇಬಿಡುತ್ತಾರೆ, ಪೆಡಲಿನಿಂದ ಕಾಲು ತೆಗೆಯದೆ, ಸೈಕಲ್ಲಿನ ಮೇಲೇ. ಯಾರ ಸಹನೆ ಮೊದಲು ಕಟ್ಟಾಗುತ್ತದೋ ಅವಳು ಹೊರಡುತ್ತಾಳೆ. ಆಮೇಲೆ ರೆಪ್ಪೆ ಹೊಡೆಯುವುದರಲ್ಲಿ ಎಲ್ಲ ಮುಗಿಯುತ್ತದೆ.

"ಅಂದ್ರೆ ಜನ ಟಿಕೆಟ್ ತಗೊಂಡು ನಿಂತಿರೋರನ್ನ ನೋಡ್ತಾರಾ ಮಾವ?" ಎಂದು ಸೊಸೆ ಮದುವೆಯಾದ ಹೊಸದರಲ್ಲಿ ಕೇಳಿದ್ದಳು. ಮಾವ ಒಂದು ವಾರ ಅವಳ ಕೈಯ ಕಾಫಿ ಕುಡಿಯಲಿಲ್ಲ.

ಪುಟ್ಟಿಯನ್ನು ಕಂಡುಹಿಡಿದವರು ವಿಶಲ್ ಮೇಷ್ಟ್ರು. ಟ್ರ್ಯಾಕಿನ ಕೋಚು, ಮಲಗುವಾಗಲೂ ಕೊರಳಲ್ಲಿ ವಿಶಲ್ ಇರುತ್ತದೆಂದು ಅವರ ಹೆಂಡತಿಯೇ ಹೇಳಿದ್ದರಿಂದ ಆ ಹೆಸರು. ಪುಟ್ಟಿಯ ತಾಯಿ ಮನೆಯ ಮುಂದಿನ ಕೋಣೆಯಲ್ಲಿ ಬೀದಿಯವರ ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದಳು. ಮೇಷ್ಟ್ರ ಪ್ಯಾಂಟು ಅಲ್ಲಿಗೇ ಬರುತ್ತಿತ್ತು. ಬಟ್ಟೆಯ ಗಂಟನ್ನು ಕ್ಯಾರಿಯರಿಗೆ ಕಟ್ಟಿಕೊಂಡು ದಿಬ್ಬದ ರಸ್ತೆಯಲ್ಲಿ ಸೀಟಿನಿಂದ ಏಳದೆ ತುಳಿದುಕೊಂಡು ಹೋಗುವ ಹುಡುಗಿಯನ್ನು ಅವರು ಒಂದು ದಿನ ನೋಡಿದರು. ಪ್ಯಾಂಟು ಬಿಟ್ಟು ಹುಡುಗಿಯನ್ನು ಕರೆದುಕೊಂಡು ಹೋದರು.

ಆಮೇಲೆ ಮನೆಗೊಂದು ಕಾನೂನು ಬಂತು. ಸ್ಪ್ರಿಂಟ್ ಓಟಗಾರರು ಕಾಲನ್ನು ಉಳಿತಾಯ ಮಾಡಬೇಕು. ಕೂರಲು ಆಗುವ ಕಡೆ ನಿಲ್ಲಬಾರದು, ಮಲಗಲು ಆಗುವ ಕಡೆ ಕೂರಬಾರದು. ಮೆಟ್ಟಿಲು ಹತ್ತಬಾರದು. ಆದ್ದರಿಂದ ಕೆಳಗಿನ ಕೋಣೆ ಪುಟ್ಟಿಗೆ ಹೋಯಿತು, ತಂದೆತಾಯಿ ಮಂಚವನ್ನೂ ಇಸ್ತ್ರಿ ಬಟ್ಟೆಯ ಕಪಾಟನ್ನೂ ಮಹಡಿಗೆ ಸಾಗಿಸಿಕೊಂಡರು. ತಾಯಿ ಕೆಳಗೆ ಇಸ್ತ್ರಿ ಮಾಡಿ ಮೇಲೆ ಜೋಡಿಸಿ, ಗಿರಾಕಿ ಬಂದಾಗ ಮೇಲಿಂದ ಕೆಳಗೆ ತರುತ್ತಿದ್ದಳು. ಸಂಜೆ, ದಿನವಿಡೀ ನಿಂತ ಕಾಲಲ್ಲೇ ಬಂದು ಮಗಳ ಮಂಚದ ಪಕ್ಕ ಕೂತು, ಎಣ್ಣೆ ಹಚ್ಚಿ ಅವಳ ಮೀನಖಂಡ, ಮಂಡಿ, ತೊಡೆ ಒತ್ತುತ್ತಿದ್ದಳು. ತಂದೆ ಕುರ್ಚಿಯಲ್ಲಿ ಕೂತು ಮೇಲ್ವಿಚಾರಣೆ ಮಾಡುತ್ತಿದ್ದರು.

"ಹಿಮ್ಮಡಿಯಿಂದ ಮೇಲಕ್ಕೆ. ಮೇಲಿಂದ ಕೆಳಕ್ಕೆ ಅಲ್ಲ, ಎಷ್ಟು ಸಲ ಹೇಳೋದು?"

"ನೀವೇ ಬನ್ನಿ ಹಾಗಾದ್ರೆ."

"ನಂದು ಲೇತ್ ಮಶೀನಿನ ಕೈ ಕಣೇ. ಒರಟು."

ಪುಟ್ಟಿ ಗೆದ್ದಳು. ರಾಷ್ಟ್ರೀಯ ಚಾಂಪಿಯನ್ ಆದಳು, ಮತ್ತೆ ಮತ್ತೆ ಆದಳು. ಹೊರದೇಶದಿಂದ ಒಂದು ಕಂಚಿನ ಪದಕವನ್ನೂ ಮುರಿದ ಕೊರಳೆಲುಬನ್ನೂ ಒಟ್ಟಿಗೆ ತಂದಳು. ಎದುರಾಳಿಯ ಸಹನೆ ಕೆಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸೈಕಲ್ಲಿನ ಮೇಲೆ ಗೋಡೆಗೆ ಒರಗಿಸಿಟ್ಟ ಹಾಗೆ ನಿಂತು ಎದುರಿನವಳ ಕಡೆ ನೋಡಿ ಆಕಳಿಸುತ್ತಿದ್ದಳಂತೆ. ಕೊನೆಗೊಂದು ವರ್ಷ, ಮೂವತ್ತು ದಾಟಿದ ಮೇಲೆ, ಅವಳ ಎದುರು ನಿಂತ ಹುಡುಗಿಯೊಬ್ಬಳೂ ತಿರುಗಿ ಆಕಳಿಸಿದಳು. ಮೊದಲು ಹೊರಟವಳು ಪುಟ್ಟಿ. ಮೊದಲ ಸುತ್ತಿನಲ್ಲೇ ಹೊರಬಿದ್ದಳು. ಸೈಕಲ್ ಸಂಘದವರು ಒಂದು ಗೋಡೆ ಗಡಿಯಾರ ಕೊಟ್ಟು, ನಿಮ್ಮ ಸೇವೆ ಮರೆಯಲಾರೆವು ಎಂದು ಹೇಳಿ, ಸೈಕಲ್ಲನ್ನು ವಾಪಸು ತೆಗೆದುಕೊಂಡರು.

ಅವಳು ಮನೆಗೆ ಬಂದ ದಿನ ತಾಯಿ ಎಂದಿನ ಅಳತೆಯಲ್ಲೇ ಅಡಿಗೆ ಮಾಡಿದ್ದಳು: ಬೇಯಿಸಿದ ಮೊಟ್ಟೆಗಳ ಗುಡ್ಡ, ಆಲೂಗಡ್ಡೆ, ಕೋಳಿ, ಅನ್ನ. ಪುಟ್ಟಿ ಕಾಲು ಭಾಗ ತಿಂದು ತಟ್ಟೆ ಸರಿಸಿದಳು.

"ಯಾಕೆ ಪುಟ್ಟಿ?"

"ಇನ್ನು ಇಷ್ಟೆಲ್ಲ ಬೇಡಮ್ಮ. ಊದ್ಕೊಳ್ತೀನಿ."

"ಹಾಗಾದ್ರೆ ಇದನ್ನೆಲ್ಲ ಏನು ಮಾಡೋದು?" ಎಂದಳು ಸೊಸೆ.

"ನೀನು ತಿನ್ನು," ಎಂದ ಅವಳ ಗಂಡ, ಪುಟ್ಟಿಯ ಅಣ್ಣ. ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಬೇರೆಯವರನ್ನು ಮೇಲೆ ಕಳಿಸಿ, ತಾನು ಮೆಟ್ಟಿಲಲ್ಲಿ ಇಳಿದು ಬರುವವನು. "ಮದುವೆಯಾದಾಗಿಂದ ಮೊಟ್ಟೆ ಮೇಲೆ ಕಣ್ಣಿತ್ತಲ್ಲ ನಿಂಗೆ."

ಸೊಸೆ ಒಂದು ಮೊಟ್ಟೆ ತೆಗೆದುಕೊಂಡಳು. ಎಲ್ಲರೂ ನೋಡಿದರು. ವಾಪಸಿಟ್ಟಳು.

ಅವಳು ಬಟ್ಟೆ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವವಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಥಾನು ಬಿಚ್ಚುವುದು, ಸುತ್ತುವುದು. ಗಿರಾಕಿ ಇಲ್ಲದಿದ್ದರೂ ಕೂರುವ ಹಾಗಿಲ್ಲ. ಎರಡನೇ ವಾರದಲ್ಲಿ ಒಂದು ಸಂಜೆ ಅವಳು ಬಂದಾಗ ಪಾತ್ರೆ ಹಾಗೇ ಬಿದ್ದಿದ್ದವು, ಪುಟ್ಟಿ ಗೋಡೆಗೆ ಕಾಲು ಎತ್ತಿಟ್ಟುಕೊಂಡು ಮಲಗಿದ್ದಳು.

"ಪುಟ್ಟಿ, ಈಗ ಯಾವ ರೇಸಿಗೆ ರೆಸ್ಟು?"

"ಅಭ್ಯಾಸ ಅತ್ತಿಗೆ."

"ಪಾತ್ರೆ ತೊಳೆಯೋದೂ ಅಭ್ಯಾಸಾನೇ. ಶುರು ಮಾಡಿದ್ರೆ ಬರುತ್ತೆ."

ತಾಯಿ ಇಸ್ತ್ರಿ ಪೆಟ್ಟಿಗೆ ಕೆಳಗಿಡದೆಯೇ ಮುಂದಿನ ಕೋಣೆಯಿಂದ ಕೂಗಿದಳು. "ಅವಳನ್ನ ಯಾಕೆ ಹಿಡ್ಕೊತೀಯಮ್ಮ? ನಾನು ತೊಳೀತೀನಿ ಬಿಡು."

"ನೀವು ಬೆಳಿಗ್ಗೆಯಿಂದ ನಿಂತಿದೀರಿ ಅತ್ತೆ."

"ನೀನೂ ನಿಂತು ಬಂದಿದೀಯ."

"ಅದೇ ಹೇಳ್ತಿರೋದು. ಕೂತಿರೋರು ಒಬ್ಬರೇ."

"ಕೂತಿಲ್ಲ," ಎಂದಳು ಪುಟ್ಟಿ. "ಮಲಗಿದೀನಿ."

ತಾಯಿಗೆ ನಗು ಬಂತು. ಸೊಸೆಗೂ ಬಂತು, ಆದರೆ ಅವಳು ಪಾತ್ರೆಗಳ ಸದ್ದಿನಲ್ಲಿ ಅದನ್ನು ಮುಚ್ಚಿಕೊಂಡಳು. ಪುಟ್ಟಿ ಎದ್ದು ಬಂದು ಅತ್ತಿಗೆಯ ಪಕ್ಕ ನಿಂತು ಲೋಟಗಳನ್ನು ತೊಳೆದಳು. ಸ್ವಲ್ಪ ಹೊತ್ತಿಗೇ ಸೊಂಟ ಹಿಡಿದುಕೊಂಡಿತು. ದೇಶದ ಅತಿ ಬಲಿಷ್ಠ ಕಾಲುಗಳಿಗೆ ಸಿಂಕಿನ ಮುಂದೆ ನಿಲ್ಲುವ ಶಕ್ತಿ ಇರಲಿಲ್ಲ.

ಆ ವಾರದ ಕೊನೆಯಲ್ಲಿ ತಾಯಿ ಮಹಡಿಯಿಂದ ಬಟ್ಟೆಯ ಗಂಟು ತರುತ್ತಾ ಮೆಟ್ಟಿಲಲ್ಲಿ ಜಾರಿದಳು. ಗಂಟನ್ನು ಬಿಡಲಿಲ್ಲ, ಬಟ್ಟೆಯ ಮಡಿಕೆ ಒಂದೂ ಕೆಡಲಿಲ್ಲ. ಪಾದದ ಮೂಳೆ ಬಿರುಕು ಬಿಟ್ಟಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಪ್ಲಾಸ್ಟರ್ ಪಟ್ಟಿ ಹಾಕಿ, ಊರುಗೋಲು ಕೊಟ್ಟು, ಆಗಾಗ ಎದ್ದು ಮನೆಯೊಳಗೇ ನಾಲ್ಕು ಹೆಜ್ಜೆ ಓಡಾಡಿ, ಬೆರಳು ಆಡಿಸುತ್ತಿರಿ ಎಂದು ಹೇಳಿ ಕಳಿಸಿದರು.

ಪುಟ್ಟಿಗೆ ಆ ಸಲಹೆ ಹಿಡಿಸಲಿಲ್ಲ. ಪೆಟ್ಟಾದ ಕಾಲುಗಳ ವಿಷಯದಲ್ಲಿ ಆ ಮನೆಗೆ ಆಸ್ಪತ್ರೆಗಿಂತ ಹೆಚ್ಚಿನ ಅನುಭವವಿತ್ತು.

"ಓಡಾಡೋದಂತೆ! ಮೂಳೆ ಕೂಡೋದು ಮಲಗಿದಾಗ ಅಮ್ಮ. ನನ್ನ ಕೊರಳೆಲುಬು ಹೇಗೆ ಕೂಡ್ತು? ಅಲ್ಲಾಡಲಿಲ್ಲ ನಾನು."

"ಕರೆಕ್ಟು," ಎಂದರು ತಂದೆ. "ಓಡಾಡು ಅಂತ ಎಲ್ಲರಿಗೂ ಹೇಳ್ತಾರೆ. ಅದು ಆಸ್ಪತ್ರೆಯೋರ ಬಾಯಿಪಾಠ."

"ಬಚ್ಚಲಿಗಾದ್ರೂ ಹೋಗ್ಲಾ?" ಎಂದಳು ತಾಯಿ.

"ನಾನು ಎತ್ಕೊಂಡು ಹೋಗ್ತೀನಿ."

ಎತ್ತಿಕೊಂಡೇ ಹೋದಳು. ತನ್ನ ಮಂಚವನ್ನು ತಾಯಿಗೆ ಬಿಟ್ಟುಕೊಟ್ಟು ತಾನು ಕೆಳಗೆ ಹಾಸಿಕೊಂಡಳು. ಕಾಲಿನ ಕೆಳಗೆ ದಿಂಬುಗಳ ಗೋಪುರ ಕಟ್ಟಿದಳು. ತಾಯಿ ಎದ್ದು ಕೂತರೆ ವಿಶಲ್ ಮೇಷ್ಟ್ರ ದನಿಯಲ್ಲಿ ಗದರಿದಳು. ಹುಟ್ಟಿದಾಗಿನಿಂದ ಹಗಲಲ್ಲಿ ಮಲಗಿ ಗೊತ್ತಿಲ್ಲದ ಆ ಹೆಂಗಸು ಮೊದಲ ಎರಡು ದಿನ ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಮಲಗಿದ್ದಳು. ಮೂರನೆಯ ದಿನ ಟೀ ತಡವಾಯಿತೆಂದು ಕೂಗಿದಳು.

"ಅತ್ತೆ ಚಾಂಪಿಯನ್ ಆಗ್ಬಿಟ್ರು," ಎಂದಳು ಸೊಸೆ, ಟೀ ತಂದುಕೊಡುತ್ತಾ.

"ಆಗ್ಬೇಡ್ವಾ? ನಾಳೆಯಿಂದ ನಂಗೂ ಬೇಯಿಸಿದ ಮೊಟ್ಟೆ ಇಡು."

ಇಸ್ತ್ರಿಯ ಕೆಲಸ ಪುಟ್ಟಿಯ ಪಾಲಿಗೆ ಬಂತು. ಮೊದಲ ದಿನವೇ ಬ್ಯಾಂಕಿನ ಕ್ಯಾಷಿಯರರ ಅಂಗಿಯ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆಯ ಪೂರ್ತಿ ಚಿತ್ರ ಬಿಡಿಸಿದಳು. ಪ್ಯಾಂಟಿಗೆ ಒಂದು ಗೆರೆ ಬರಬೇಕಾದ ಕಡೆ ಎರಡು ಬಂದವು. ಆದರೆ ಗಿರಾಕಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಎರಡು ಗೆರೆಯ ಪ್ಯಾಂಟು ಹಾಕಿಕೊಂಡವರು ಆಫೀಸಿನಲ್ಲಿ ಇದು ಚಾಂಪಿಯನ್ ಕೈಯದು ಎಂದು ಹೇಳಿಕೊಂಡು ಓಡಾಡಿದರು. ಕ್ಯಾಷಿಯರರು ಸುಟ್ಟ ಅಂಗಿಯ ಮೇಲೆ ಅವಳ ಸಹಿ ಹಾಕಿಸಿಕೊಂಡು ಹೋದರು. ತಾಯಿ ಒಳಗಿನಿಂದ, "ನೀರು ಚಿಮುಕಿಸು! ತೋಳನ್ನು ಎಳೆದು ಹಿಡಿ! ಕಾಲರು ಕೊನೆಗೆ ಅಲ್ಲ, ಮೊದಲು!" ಎಂದು ಕೂಗುತ್ತಿದ್ದಳು. ತಂದೆಯ ಮೇಲ್ವಿಚಾರಣೆಯ ಕುರ್ಚಿ ಈಗ ನಿರುದ್ಯೋಗಿಯಾಗಿತ್ತು.

ಪುಟ್ಟಿ ದಿನದಿನಕ್ಕೆ ಹೆಚ್ಚು ಹೊತ್ತು ನಿಲ್ಲುವುದನ್ನು ಕಲಿತಳು. "ಅಮ್ಮ, ಇಷ್ಟು ವರ್ಷ ಹೇಗೆ ನಿಂತೆ ನೀನು?" ಎಂದು ಒಂದು ಮಧ್ಯಾಹ್ನ ಕೇಳಿದಳು.

"ನಿಂತ್ಕೊಂಡೇ ನಿಂತೆ. ಅದನ್ನ ಹೇಗೆ ಅಂತ ಹೇಳ್ಲಿ?"

ಪಟ್ಟಿ ಬಿಚ್ಚಿಸಿಕೊಂಡು ಬಂದ ಮೇಲೆ ಮೂಳೆಯೇನೋ ಕೂಡಿತ್ತು. ಆದರೆ ಎರಡು ದಿನಕ್ಕೆ ಮೀನಖಂಡ ಊದಿ ಬಿಗಿಯಾಯಿತು. ಊರಿದರೆ ನೋವು, ಮುಟ್ಟಿದರೂ ನೋವು. ಅಂಗಡಿಯಿಂದ ಬಂದ ಸೊಸೆ ಅತ್ತೆಯ ಕಾಲು ಮುಟ್ಟಿ ನೋಡಿದಳು.

"ಬಿಸಿ ಇದೆ ಮಾವ. ಇನ್ನೊಂದು ಕಾಲು ಹೀಗಿಲ್ಲ. ಡಾಕ್ಟರಿಗೆ ತೋರಿಸೋಣ."

"ಮೊನ್ನೆ ತಾನೇ ತೋರಿಸಿದ್ದೀವಲ್ಲ."

"ಮೊನ್ನೆ ಊದಿರ್ಲಿಲ್ಲ."

"ವಾರಗಟ್ಟಲೆ ಪಟ್ಟಿಯೊಳಗಿದ್ದ ಸ್ನಾಯು ಕಟ್ಕೊಂಡಿದೆ, ಅಷ್ಟೇ," ಎಂದಳು ಪುಟ್ಟಿ. "ನಂಗೆ ಎಷ್ಟು ಸಲ ಹೀಗಾಗಿದೆ? ಕಲ್ಲಿನ ಹಾಗೆ ಆಗ್ತಿತ್ತು, ಅಮ್ಮ ಒತ್ತಿದ್ರೆ ಬೆಳಿಗ್ಗೆ ಹೂವಿನ ಹಾಗೆ."

"ಆದ್ರೂ ಒಂದ್ಸಲ..."

"ಈ ಮನೇಲಿ ಕಾಲಿನ ವಿಷಯ ಯಾರಿಗೆ ಹೇಳಿಕೊಡ್ತಿದೀಯಮ್ಮ?" ಎಂದರು ಮಾವ. ಸೊಸೆ ಒಳಗೆ ಹೋಗಿ ಅಕ್ಕಿ ತೊಳೆದಳು.

ಪುಟ್ಟಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದಳು. ಇಷ್ಟು ವರ್ಷ ತಾಯಿ ಕೂತ ಜಾಗದಲ್ಲಿ ಅವಳು ಕೂತಳು, ಅವಳು ಮಲಗಿದ ಜಾಗದಲ್ಲಿ ತಾಯಿ ಮಲಗಿದ್ದಳು. ಬಟ್ಟೆ ಸರಿಸಿದಾಗ ತಾಯಿಯ ಕಾಲನ್ನು ಮೊದಲ ಸಲ ನೋಡುತ್ತಿದ್ದೇನೆ ಅನಿಸಿತು ಪುಟ್ಟಿಗೆ. ನೀಲಿ ನರಗಳು ಮರದ ಬೇರಿನ ಹಾಗೆ ಉಬ್ಬಿದ್ದವು, ಹಿಮ್ಮಡಿ ಒಡೆದಿತ್ತು. ಹಿಮ್ಮಡಿಯಿಂದ ಮೇಲಕ್ಕೆ, ಹೆಬ್ಬೆರಳು ಊರಿ, ಬಲ ಹಾಕಿ ಒತ್ತಿದಳು. ತಾಯಿ ಮೊದಲು ಅಯ್ಯಯ್ಯೋ ಎಂದಳು, ಆಮೇಲೆ ಹಲ್ಲು ಕಚ್ಚಿದಳು. ಮಗಳು ನೋಯುವ ಜಾಗ ಬಿಟ್ಟು ಪಾದಕ್ಕೆ, ಮಂಡಿಗೆ, ಇನ್ನೊಂದು ಕಾಲಿಗೆ ಹೋದಾಗ ಸಡಿಲಾದಳು, ಕಣ್ಣು ಮುಚ್ಚಿದಳು.

"ಹೇಗಿದೆ ಅಮ್ಮ?"

"ಇಷ್ಟು ವರ್ಷ ನಿಂಗೆ ಸಿಗ್ತಿದ್ದಿದ್ದು ಇದೇನಾ? ಗೊತ್ತಿದ್ದಿದ್ರೆ ನಾನೂ ಸೈಕಲ್ ತುಳೀತಿದ್ನಲ್ಲೇ!"

ಕುರ್ಚಿಯಲ್ಲಿದ್ದ ತಂದೆ ಗಟ್ಟಿಯಾಗಿ ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಗ ನಕ್ಕ. ಅಡಿಗೆಮನೆಯಲ್ಲಿದ್ದ ಸೊಸೆಗೂ ಕೇಳಿಸಿ, ಅವಳೂ ನಕ್ಕಳು. ಆ ಮನೆಯಲ್ಲಿ ಎಲ್ಲರೂ ಒಂದೇ ಮಾತಿಗೆ ನಕ್ಕಿದ್ದು ಅಪರೂಪ.

ಮಾರನೆಯ ಬೆಳಿಗ್ಗೆ ತಾಯಿ ಹಗುರಾಗಿದೆ ಎಂದಳು. ಊರುಗೋಲು ಹಿಡಿದು ಮುಂದಿನ ಕೋಣೆಗೆ ಬಂದಳು, ಪುಟ್ಟಿ ಮಡಿಸಿಟ್ಟ ಅಂಗಿಗಳನ್ನು ನೋಡಿ ಹಣೆ ಚಚ್ಚಿಕೊಂಡಳು. "ಕೊಡು ಇಲ್ಲಿ" ಎಂದು ಒಂದನ್ನು ಬಿಡಿಸಿದಳು. ತೋಳಿನ ಅರ್ಧಕ್ಕೆ ಬಂದಾಗ ಯಾಕೋ ಉಸಿರು ಸಿಗ್ತಿಲ್ಲ ಎಂದಳು. ಎದೆ ಹಿಡಿದುಕೊಂಡು ಮೇಜಿಗೆ ಒರಗಿದಳು. ಮಗ ಲಿಫ್ಟ್ ಕಂಪನಿಯ ವ್ಯಾನು ತರುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಪುಟ್ಟಿ ಎತ್ತಿಕೊಂಡು ವ್ಯಾನಿಗೆ ಹತ್ತಿಸಿದಳು. ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಅವಳ ತೋಳಿನಲ್ಲಿ ಇದ್ದದ್ದು ಬರೀ ಭಾರ.

ಪುಟ್ಟಿ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಮಗ ತಂದೆಯನ್ನು ಕರೆತರಲು ಹೋಗಿದ್ದ. ಅಂಗಡಿಯಿಂದ ಓಡಿಬಂದ ಸೊಸೆಯೇ ಡಾಕ್ಟರ ಎದುರು ನಿಂತಳು. ವಯಸ್ಸಾದ, ನಿದ್ದೆಗೆಟ್ಟ ಡಾಕ್ಟರು.

"ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು ಅಂತ ಕಾಣುತ್ತೆ. ಅದು ಕಿತ್ತು ಬಂದು ಶ್ವಾಸಕೋಶಕ್ಕೆ ಸಿಕ್ಕಿಕೊಂಡಿದೆ. ಮೀನಖಂಡ ಊದಿತ್ತಾ?"

"ಊದಿತ್ತು."

"ಮಲಗೇ ಇದ್ರಾ?"

"ಮಲಗೇ ಇದ್ರು."

"ಯಾರಾದ್ರೂ ತಿಕ್ಕಿದ್ರಾ? ಕಾಲು ಒತ್ತೋದು, ಮಾಲೀಶು, ಹಾಗೇನಾದ್ರೂ?"

ಸೊಸೆ ಬೆಂಚಿನ ಕಡೆ ನೋಡಲಿಲ್ಲ.

"ಇಲ್ಲ."

"ಒತ್ತಬಾರದು, ಅದಕ್ಕೇ ಕೇಳಿದೆ. ಒತ್ತದಿದ್ರೂ ಹೀಗಾಗಬಹುದು. ಖಚಿತವಾಗಿ ಹೇಳಕ್ಕಾಗಲ್ಲ," ಎಂದು ಅವರು ಮುಂದಿನ ರೋಗಿಯ ಕಡೆ ಹೋದರು.

ಹೊರಗೆ ಬಂದು ಸೊಸೆ, "ಹೃದಯ ನಿಂತುಹೋಯ್ತಂತೆ," ಎಂದಳು. ಸುಳ್ಳೇನಲ್ಲ, ಎಲ್ಲರದ್ದೂ ಕೊನೆಗೆ ಅದೇ ನಿಲ್ಲುವುದು.

ಮಣ್ಣು ಮಾಡಿ ಬಂದ ಮೇಲೆ ಮನೆಗೆ ಜನ ಬರತೊಡಗಿದರು. ಬೀದಿಯ ಎಲ್ಲರ ಬಟ್ಟೆಯನ್ನೂ ಮುಟ್ಟಿದ ಕೈ, ಹಾಗಾಗಿ ಎಲ್ಲರೂ ಬಂದರು. ಬಂದವರಿಗೆ ತಂದೆ ಏನಾದರೂ ಹೇಳಬೇಕಲ್ಲ. ಮೆಟ್ಟಿಲು ಜಾರಿದ್ದನ್ನು ಹೇಳಿದರೆ ಮಂಚ ಮಹಡಿಗೆ ಹೋದ ಕಥೆ ಬರುತ್ತಿತ್ತು. ಕೊನೆಯ ಬೆಳಿಗ್ಗೆಯನ್ನು ಹೇಳಲು ಹೋದರೆ ಅರ್ಧಕ್ಕೇ ಎದ್ದು ಹೋಗಬೇಕಾಗುತ್ತಿತ್ತು. ಹೇಳುವಂಥದ್ದು ಅವರ ಬಳಿ ಒಂದೇ ಇತ್ತು.

"ಹಿಂದಿನ ದಿನ ಸಂಜೆ ಮಗಳು ಕೂತು ಕಾಲು ಒತ್ತಿದಳು ಕಣ್ರೀ. ಎಣ್ಣೆ ಕಾಯಿಸಿ, ಮಂಡಿವರೆಗೂ. ಅವಳ ಮುಖ ನೋಡಬೇಕಿತ್ತು. ಹೇಳೇ ಪುಟ್ಟಿ, ಅಮ್ಮ ಏನಂದ್ಲು?"

ಪುಟ್ಟಿ ತಾಯಿಯ ಮಾತನ್ನು ತಾಯಿಯ ದನಿಯಲ್ಲೇ ಹೇಳುತ್ತಿದ್ದಳು. ಜನ ನಗುತ್ತಿದ್ದರು, ಆಮೇಲೆ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಪುಣ್ಯವಂತೆ ಬಿಡಿ. ಮಗಳ ಕೈಲಿ ಸೇವೆ ಮಾಡಿಸ್ಕೊಂಡು ಹೋದ್ರು." ಪುಟ್ಟಿಗೆ ಅಳು ಬಂದರೆ ತಂದೆ, "ಅಷ್ಟಾದ್ರೂ ಮಾಡಿದ್ಯಲ್ಲಮ್ಮ," ಎನ್ನುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು. ಅಷ್ಟಾದರೂ ಮಾಡಿದೆ ಎನ್ನುವುದೇ ಆ ದಿನಗಳಲ್ಲಿ ಅವಳನ್ನು ಬೆಳಿಗ್ಗೆ ಎಬ್ಬಿಸಿ ಇಸ್ತ್ರಿ ಮೇಜಿನ ಮುಂದೆ ನಿಲ್ಲಿಸುತ್ತಿತ್ತು.

ಟೀ ಕೊಡುವ ಕೆಲಸ ಸೊಸೆಯದು. ಪ್ರತಿ ಸಲವೂ ಆ ಕಥೆ ಶುರುವಾದಾಗ ಅವಳು ಲೋಟ ಕೆಳಗಿಟ್ಟು ಅಡಿಗೆಮನೆಗೆ ಹೋಗುತ್ತಿದ್ದಳು.

"ನಿಂಗೆ ಅಮ್ಮನ ಮಾತು ಕೇಳೋಕೂ ಬೇಜಾರಾ?" ಎಂದ ಗಂಡ.

"ಒಲೆ ಮೇಲೆ ಹಾಲಿದೆ ರೀ."

ಹಾಲಿರಲಿಲ್ಲ. ಅವನು ನೋಡಿಬಂದಿದ್ದ.

ಕೆಲವು ವಾರಗಳ ಮೇಲೆ ವಿಶಲ್ ಮೇಷ್ಟ್ರು ಬಂದರು. ಅವರೂ ಆ ಕಥೆ ಕೇಳಿದರು, ಕೊರಳಿನ ವಿಶಲ್ಲನ್ನು ತಿರುಗಿಸಿದರು. ಆಮೇಲೆ ಹೇಳಿದರು: ತಂಡಕ್ಕೆ ಹುಡುಗಿಯರ ಕಾಲು ಒತ್ತುವವರು ಬೇಕಾಗಿದ್ದಾರೆ. ಖಾಯಂ ಕೆಲಸ, ಊರೂರಿಗೆ ತಂಡದ ಜೊತೆ ಹೋಗಬಹುದು. ಮೊದಲು ಒಂದು ತರಬೇತಿ ಮುಗಿಸಬೇಕು, ಫಿಸಿಯೊ ಮೇಡಮ್ ಒಬ್ಬರು ಪದ್ಧತಿ ಪ್ರಕಾರ ಕಲಿಸುತ್ತಾರೆ.

ಪುಟ್ಟಿಯ ಮುಖದಲ್ಲಿ ಬೆಳಕು ಬಂದದ್ದನ್ನು ತಂದೆ ನೋಡಿದರು, ಮಗ ನೋಡಿದ. ಸೊಸೆಯೂ ನೋಡಿದಳು.

"ಬೇಡ," ಎಂದಳು.

ಎಲ್ಲರೂ ತಿರುಗಿದರು.

"ಯಾಕೆ ಅತ್ತಿಗೆ?"

ಸೊಸೆಗೆ ಕಾರಣ ಹೇಳುವ ಹಾಗಿರಲಿಲ್ಲ. ಬಾಯಿಗೆ ಸಿಕ್ಕಿದ್ದನ್ನು ಹೇಳಿದಳು. "ಇಸ್ತ್ರಿ ಯಾರು ಮಾಡ್ತಾರೆ?"

ಮೇಷ್ಟ್ರು ಗಡಿಬಿಡಿಯಲ್ಲಿ ಎದ್ದು ಹೋದರು. ಬಾಗಿಲು ಮುಚ್ಚಿದ ಮೇಲೆ ಗಂಡ ಶುರು ಮಾಡಿದ. "ಮಾನ ಕಳೆದೆ. ಹೊರಗಿನೋರ ಮುಂದೆ ಆಡೋ ಮಾತಾ ಅದು?"

"ಇರೋ ವಿಷಯ ಹೇಳಿದೆ."

"ನಂಗೊತ್ತಿತ್ತು," ಎಂದಳು ಪುಟ್ಟಿ. "ಅಮ್ಮ ಹೋದ್ಲು, ಬಿಟ್ಟಿ ಆಳು ಒಬ್ಳು ಸಿಕ್ಕಿದ್ಲು. ಅದನ್ನ ಬಿಡೋಕೆ ನಿಮಗೆ ಮನಸ್ಸಿಲ್ಲ."

"ಹಾಗಂತಲೇ ಇಟ್ಕೋ. ಬೇಕಾದ್ರೆ ನಾನೇ ಅಂಗಡಿ ಬಿಟ್ಟು ಇಸ್ತ್ರಿ ಮಾಡ್ತೀನಿ. ನೀನು ಬೇರೆ ಏನಾದ್ರೂ ಮಾಡು. ಮಕ್ಕಳಿಗೆ ಸೈಕಲ್ ಕಲಿಸು. ಟಿಕೆಟ್ ಕೊಡೋಕೆ ಕೂತ್ಕೋ. ಈ ಒತ್ತೋದು ಗಿತ್ತೋದು ಬೇಡ."

"ಒತ್ತೋದು ಅಂದ್ರೆ ಅಷ್ಟು ಕೀಳಾ ನಿಮಗೆ?"

"ಕೀಳು ಅಂತ ಯಾರಂದ್ರು?"

"ಮತ್ತೇನು?"

ಸೊಸೆ ನಿಂತಲ್ಲೇ ನಿಂತಳು. ಪುಟ್ಟಿಯೂ ನಿಂತಳು. ಇಂಥ ನಿಲುಗಡೆಯಲ್ಲಿ ಪುಟ್ಟಿಗೆ ಅಭ್ಯಾಸ ಜಾಸ್ತಿ. ಮೊದಲು ಹೊರಟವಳು ಸೊಸೆ. ಮುಖ ತಿರುಗಿಸಿ ಒಳಗೆ ಹೋದಳು.

"ಇದು ಅಮ್ಮನ ಕಾಲೊತ್ತಿದ ಕೈ," ಎಂದು ಪುಟ್ಟಿ ಅವಳ ಬೆನ್ನಿಗೆ ಹೇಳಿದಳು. "ಇದಕ್ಕೆ ಬೇರೆ ಕೆಲಸ ಬೇಡ."

ಗಂಡ ಹೆಂಡತಿಯ ಜೊತೆ ಮಾತು ಬಿಟ್ಟ. ಮಾವ ಅವಳ ಕಾಫಿ ಮುಟ್ಟಲಿಲ್ಲ. ಪುಟ್ಟಿ ತರಬೇತಿಗೆ ಸೇರಿದಳು, ಬೆಳಿಗ್ಗೆ ಬೇಗ ಎದ್ದು ಇಸ್ತ್ರಿ ಮುಗಿಸಿಯೇ ಹೊರಡುತ್ತಿದ್ದಳು, ಅತ್ತಿಗೆಗೆ ಕಾಣುವ ಹಾಗೆ ಬಟ್ಟೆಗಳನ್ನು ಜೋಡಿಸಿಟ್ಟು. ಈಗ ಪ್ಯಾಂಟಿಗೆ ಒಂದೇ ಗೆರೆ ಬರುತ್ತಿತ್ತು. ಸಂಜೆ ಬಂದು ಉತ್ಸಾಹದಲ್ಲಿ ಅಪ್ಪನಿಗೆ ಸ್ನಾಯುಗಳ ಹೆಸರು ಒಪ್ಪಿಸುತ್ತಿದ್ದಳು. ಅವರು ಎಲ್ಲ ಮೊದಲೇ ಗೊತ್ತಿದ್ದವರ ಹಾಗೆ ತಲೆದೂಗುತ್ತಿದ್ದರು. ಸೊಸೆ ಪ್ರತಿ ಸಂಜೆ ಅವಳು ಬಾಗಿಲು ತೆಗೆದ ಕೂಡಲೇ ಮುಖ ನೋಡುತ್ತಿದ್ದಳು, ಮುಖದಲ್ಲಿ ಏನೂ ಇಲ್ಲದ್ದನ್ನು ಕಂಡು ಒಳಗೆ ಹೋಗುತ್ತಿದ್ದಳು.

ಒಂದು ಸಂಜೆ ಪುಟ್ಟಿ ತಡವಾಗಿ ಬಂದಳು. ಚಪ್ಪಲಿ ಬಿಟ್ಟು ನೇರ ಊಟಕ್ಕೆ ಕೂತಳು. ಬಡಿಸಿದ್ದನ್ನು ಕಲಸಿದಳು, ತಿನ್ನಲಿಲ್ಲ.

"ಇವತ್ತೇನು ಕಲಿಸಿದ್ರು?" ಎಂದರು ತಂದೆ.

"ಯಾವಾಗ ಒತ್ತಬಾರದು ಅಂತ."

"ಅದೂ ಒಂದು ಪಾಠವಾ?"

"ಹ್ಞೂ ಅಪ್ಪ."

ಸೊಸೆಯ ಕೈಯ ಸೌಟು ಪಾತ್ರೆಯ ಮೇಲೆ ಹಾಗೇ ನಿಂತಿತು. ಪುಟ್ಟಿ ತಲೆ ಎತ್ತಿ ಅವಳನ್ನು ನೋಡಿದಳು. ಆಮೇಲೆ ತಟ್ಟೆ ತೆಗೆದುಕೊಂಡು ಎದ್ದಳು.

ಮಾರನೆಯ ದಿನ ಅವಳು ತರಬೇತಿಗೆ ಹೋಗಲಿಲ್ಲ, ಅದರ ಮಾರನೆಯ ದಿನವೂ ಹೋಗಲಿಲ್ಲ. ಜ್ವರ ಎಂದಳು. ಗೋಡೆಯ ಕಡೆ ತಿರುಗಿ ಮಲಗಿದಳು. ತಂದೆ ಹಣೆ ಮುಟ್ಟಿ ನೋಡಿ, ತಣ್ಣಗಿದೆಯಲ್ಲ ಎಂದು ಗೊಣಗಿಕೊಂಡು ಹೋದರು. ಬಟ್ಟೆಯ ಗಂಟುಗಳು ಇಸ್ತ್ರಿಯಿಲ್ಲದೆ ಬಿದ್ದವು. ಸೊಸೆ ಅಂಗಡಿಗೆ ರಜೆ ಹಾಕಿ ಅವುಗಳ ಮುಂದೆ ನಿಂತಳು. ಮೂರನೆಯ ಮಧ್ಯಾಹ್ನ ಅವಳು ಪಾತ್ರೆ ತೊಳೆಯುತ್ತಿದ್ದಾಗ ಪುಟ್ಟಿ ಅಡಿಗೆಮನೆಗೆ ಬಂದಳು.

"ಆಸ್ಪತ್ರೇಲಿ ಕೇಳಿದ್ರಾ ನಿಮ್ಮನ್ನ?"

ಸೊಸೆ ನಲ್ಲಿ ನಿಲ್ಲಿಸಿದಳು. "ಕೇಳಿದ್ರು."

"ಏನಂದ್ರಿ?"

"ಇಲ್ಲ ಅಂದೆ."

"ಅಣ್ಣನಿಗೆ ಗೊತ್ತಾ?"

"ಯಾರಿಗೂ ಗೊತ್ತಿಲ್ಲ."

ಪುಟ್ಟಿ ಒದ್ದೆ ಲೋಟವೊಂದನ್ನು ಎತ್ತಿಕೊಂಡು ಒರೆಸಿದಳು. ಒಣಗಿದ ಮೇಲೂ ಒರೆಸಿದಳು. "ಅದಕ್ಕೇನಾ ಇಸ್ತ್ರಿ ಇಸ್ತ್ರಿ ಅಂತ ಬಡ್ಕೊಂಡಿದ್ದು?"

"ಇನ್ನೇನೂ ಹೊಳೀಲಿಲ್ಲ."

"ಡಾಕ್ಟರಿಗೆ ತೋರಿಸೋಣ ಅಂದಿದ್ದು ನೀವೊಬ್ರೇ."

"ಅಂದೆ. ಜೋರಾಗಿ ಅನ್ಲಿಲ್ಲ. ಮಾವ ಗದರಿದ್ರು, ಅಕ್ಕಿ ತೊಳೆಯೋಕೆ ಹೋದೆ." ಸಿಂಕಿನಿಂದ ಇನ್ನೊಂದು ಲೋಟ ಎತ್ತಿಟ್ಟು ಹೇಳಿದಳು, "ಒತ್ತದಿದ್ರೂ ಹಾಗೆ ಆಗಬಹುದಿತ್ತಂತೆ ಪುಟ್ಟಿ. ಖಚಿತವಾಗಿ ಹೇಳಕ್ಕಾಗಲ್ಲ ಅಂದ್ರು."

"ಮೇಡಮ್ಮೂ ಅದನ್ನೇ ಅಂದ್ರು."

"ಮತ್ತೆ?"

"ಎದ್ದು ಓಡಾಡಿಸಬೇಕಿತ್ತು ಅಂತಾನೂ ಅಂದ್ರು."

ಸೊಸೆ ಪಾತ್ರೆ ಬಿಟ್ಟು ತಿರುಗಿದಳು. ಪುಟ್ಟಿಯ ಭುಜ ಹಿಡಿಯಲು ಹೋದಳು. ಕೈ ಒದ್ದೆಯಿತ್ತು, ಸೆರಗಿಗೆ ಒರೆಸಿಕೊಳ್ಳುವಷ್ಟರಲ್ಲಿ ಹೊರಗೆ ಬಾಗಿಲು ಬಡಿದ ಸದ್ದಾಯಿತು.

ಬಂದವಳು ಹಿಂದಿನ ಬೀದಿಯ ದರ್ಜಿ ಹೆಂಗಸು, ತಾಯಿಯ ಹಳೆಯ ಗೆಳತಿ. ಮಗಳ ಬಾಣಂತನಕ್ಕೆ ಪರವೂರಿಗೆ ಹೋಗಿದ್ದವಳು ವಿಷಯ ಈಗಷ್ಟೇ ಕೇಳಿ, ಬ್ಯಾಗನ್ನೂ ಇಳಿಸದೆ ನೇರ ಬಂದಿದ್ದಳು. ಹೊಸಿಲಲ್ಲೇ ಕುಸಿದು ಕೂತು ಅತ್ತಳು. ತಂದೆ ಅವಳನ್ನು ಕುರ್ಚಿಗೆ ಕೂರಿಸಿದರು. ಅವರ ಕಣ್ಣೂ ತುಂಬಿತ್ತು, ಆದರೆ ದನಿಯಲ್ಲಿ ಆಗಲೇ ಆ ಕಥೆಯ ಹುರುಪು ಬಂದಿತ್ತು.

"ನೋವು ತಿನ್ಲಿಲ್ಲಮ್ಮ ಅವಳು. ಸುಖವಾಗಿ ಹೋದ್ಲು. ಹಿಂದಿನ ದಿನ ಸಂಜೆ ಏನಾಯ್ತು ಗೊತ್ತಾ? ಮಗಳು ಎಣ್ಣೆ ಕಾಯಿಸಿ..."

ಸೊಸೆ ಅಡಿಗೆಮನೆಯಿಂದ ಸರಸರನೆ ಬಂದಳು. "ಮಾವ, ಅವರಿಗೆ ಮೊದಲು ನೀರು ಕೊಡೋ..."

"ಇರಿ ಅತ್ತಿಗೆ," ಎಂದಳು ಪುಟ್ಟಿ. ಬಂದು ಅಪ್ಪನ ಪಕ್ಕ ನಿಂತಳು.

ತಂದೆ ಪೂರ್ತಿ ಹೇಳಿದರು. ಎಣ್ಣೆ, ಹಿಮ್ಮಡಿ, ಮಂಡಿ, ಹಲ್ಲು ಕಚ್ಚಿದ್ದು, ಕಣ್ಣು ಮುಚ್ಚಿದ್ದು. ಈ ನಡುವೆ ಅದು ಸ್ವಲ್ಪ ಉದ್ದವೂ ಆಗಿತ್ತು. "ಆಗ ಏನಂದ್ಲು ಅಂತೀಯ? ಹೇಳೇ ಪುಟ್ಟಿ."

ಪುಟ್ಟಿ ಹೇಳಿದಳು. ಇಷ್ಟು ವರ್ಷ ನಿಂಗೆ ಸಿಗ್ತಿದ್ದಿದ್ದು ಇದೇನಾ, ಗೊತ್ತಿದ್ದಿದ್ರೆ ನಾನೂ ಸೈಕಲ್ ತುಳೀತಿದ್ನಲ್ಲೇ. ತಾಯಿಯ ದನಿ, ತಾಯಿಯ ರಾಗ, ಒಂದಕ್ಷರ ಬಿಡದೆ. ದರ್ಜಿ ಹೆಂಗಸು ಅಳುತ್ತಿದ್ದವಳು ಫಕ್ಕನೆ ನಕ್ಕಳು, ಅವಳ ಬಾಯೇ ಅಂಥದ್ದು ಎಂದಳು, ಪುಟ್ಟಿಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಈ ಸಲ ಒಳಗೆ ಹೋಗಲಿಲ್ಲ.

ತಂದೆ ಕನ್ನಡಕ ತೆಗೆದು ಒರೆಸಿದರು. "ಇನ್ನೊಂದ್ಸಲ ಹೇಳಮ್ಮ," ಎಂದರು. "ಅವಳೇ ಹೇಳಿದ ಹಾಗಿರುತ್ತೆ."

ಪುಟ್ಟಿ ಇನ್ನೊಂದು ಸಲ ಹೇಳಿದಳು.